ಒಂದು ದೀರ್ಘ, ಒಂದು ಕೊಂಬು

ಹಾನಗಲ್ಲ
೧೧ ಆಗಸ್ಟ್ ೧೯೭೯, ಶನಿವಾರ

ಹೊಳೆಸಾಲು ಸಹಕಾರಿ ಸಂಘದ ಉಪಾಧ್ಯಕ್ಷರಾದ ಶ್ರೀ ಕರಬಸಪ್ಪನವರಿಗೂ, ನಾಳೆ ನನ್ನ ಮಗಳಿಗಾಗಿ ಸಂಘದ ಪಡಸಾಲೆಯಲ್ಲಿ ನೆರೆಯುವ ಸಮಸ್ತರಿಗೂ ಪ್ರಹ್ಲಾದ ಹುಲಗೂರನ ನಮಸ್ಕಾರಗಳು.

ಕರಬಸಪ್ಪನವರು ಈ ಪತ್ರವನ್ನು ಓದುವಾಗ ನೀವೆಲ್ಲ ಎದುರಿಗೆ ಕುಳಿತಿರುತ್ತೀರಿ. ಕಳೆ ತೆಗೆಯುವ ದಿನಗಳಲ್ಲಿ ಹೊಲ ಬಿಟ್ಟು ಬಂದಿರುತ್ತೀರಿ. ಗಡ್ಡಿಯವರಂತೂ ತುಂಬಿದ ವರದೆಯನ್ನು ಹರಗೋಲಿನಲ್ಲೇ ದಾಟಿ ಬಂದಿರುತ್ತೀರಿ. ಅದಕ್ಕೆ ನಾನು ಕೃತಜ್ಞ. ಆದರೆ ನಿಮ್ಮ ಸಂತಾಪವನ್ನು ಸ್ವೀಕರಿಸಲಾರೆ. ಸಂತಾಪ ಸಲ್ಲುವುದು ನಿರ್ದೋಷಿಗೆ. ನಾನು ನಿರ್ದೋಷಿಯಲ್ಲ ಎಂಬುದನ್ನು ಕ್ರಮವಾಗಿ ನಿವೇದಿಸುತ್ತೇನೆ; ಕೊನೆಯವರೆಗೂ ಕೇಳಬೇಕು.

ಹೊಳೆಯ ನಡುವಿನ ಗಡ್ಡಿಯಲ್ಲಿ ನಲವತ್ತು ಮನೆಗಳಿವೆ. ಅಲ್ಲಿಯ ಭೂಮಿಗೆ ಪಟ್ಟಾ ಇಲ್ಲ. ಪಟ್ಟಾ ಇಲ್ಲದವರಿಗೆ ಸಂಘದಲ್ಲಿ ಷೇರು ಇಲ್ಲ. ಆದ್ದರಿಂದ ೧೯೭೪ರಲ್ಲಿ ಒಂದು ನಿಯಮವಾಯಿತು. ಗಡ್ಡಿಯವರು ತಮ್ಮ ಪರವಾಗಿ ಒಬ್ಬ ಪ್ರತಿನಿಧಿಯನ್ನು ಆರಿಸಿ ಕಳಿಸಬಹುದು. ಆ ಪ್ರತಿನಿಧಿ ನಮ್ಮ ಆಡಳಿತ ಸಭೆಯಲ್ಲಿ ಕುಳಿತು ಮಾತಾಡಬಹುದು, ಆದರೆ ಕೈ ಎತ್ತುವಂತಿಲ್ಲ. ಮಾತು ಉಂಟು, ಮತ ಇಲ್ಲ. ಧಾರವಾಡದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಬೆಳ್ಳಿಯ ಬಟ್ಟಲು ಗೆದ್ದಿದ್ದ ನನಗೆ ಇದರಲ್ಲಿ ಕೊರತೆ ಕಾಣಲಿಲ್ಲ. ಸರಿಯಾಗಿ ಮಾತಾಡಬಲ್ಲವನಿಗೆ ಮತದ ಹಂಗೇಕೆ ಎಂದು ನಾನೇ ಈ ಪಡಸಾಲೆಯಲ್ಲಿ ಹೇಳಿದ್ದುಂಟು.

ನನ್ನ ಮಗಳು ಗೋಪಿಕಾ ಗಡ್ಡಿಯ ಬಾಲವಾಡಿಗೆ ಶಿಕ್ಷಕಿಯಾಗಿ ಹೋಗಿ, ಚೌಡವ್ವನ ಮನೆಯಲ್ಲಿ ಒಂದು ಕೋಣೆ ಹಿಡಿದಳು. ಎರಡು ವರ್ಷಕ್ಕೆ ಅವರು ಅವಳನ್ನೇ ಪ್ರತಿನಿಧಿಯಾಗಿ ಆರಿಸಿದರು. ಅಕ್ಷರ ಕಲಿಸಿದವನೂ ನಾನೇ, ವಾದ ಕಲಿಸಿದವನೂ ನಾನೇ. ನಾನು ಬರೆಯುವ ಕೊಂಬು ಟಗರಿನ ಕೊಂಬಿನಂತೆ ಒಳಕ್ಕೆ ಸುತ್ತುತ್ತದೆ ಎಂದು ಪಾಟಿಯ ಮುಂದೆ ಕುಳಿತು ನಗುತ್ತಿದ್ದ ಹುಡುಗಿ, ಸಭೆಯಲ್ಲಿ ನನ್ನನ್ನು ಅಧ್ಯಕ್ಷರೆಂದೇ ಕರೆದಳು. ಸದಸ್ಯರಾದ ನಾಗಪ್ಪನವರು ನಗುತ್ತ ಕೇಳಿದ್ದು ನಿಮಗೆ ನೆನಪಿರಬಹುದು: "ತಂದಿ-ಮಗಳ ಚರ್ಚಾಸ್ಪರ್ಧಾ ನಡದೈತಿ. ಬಟ್ಟಲ ಯಾರಿಗ್ರೀ?"

ಮಾರ್ಚ್ ಹದಿನೆಂಟರಂದು ಅವಳು ಗಡ್ಡಿಗೊಂದು ಕಟ್ಟಿಗೆಯ ದೋಣಿ ಬೇಕು, ದಂಡೆಯಿಂದ ದಂಡೆಗೆ ಹಗ್ಗ ಬೇಕು ಎಂಬ ಠರಾವು ತಂದಳು. ವರ್ಷದ ಎಂಟು ತಿಂಗಳು ಮೊಣಕಾಲುದ್ದ ನೀರು, ಉಳಿದ ನಾಲ್ಕು ತಿಂಗಳಿಗೆ ಹರಗೋಲು ಸಾಲದೇ ಎಂದು ಕೆಲವರು ಕೇಳಿದರು. ಕೈ ಎತ್ತಿಸಿದಾಗ ಪರವಾಗಿ ಐದು, ವಿರೋಧವಾಗಿ ಐದು. ನಿರ್ಣಾಯಕ ಮತ ನನ್ನದಾಯಿತು.

ಆಗ ಅವಳು ಎದ್ದು ನಿಂತು, ಬಹಳ ಮೆಲ್ಲಗೆ ಹೇಳಿದಳು: "ಅಧ್ಯಕ್ಷರ, ನಿಯಮದ ಪುಸ್ತಕಾ ಒಮ್ಮೆ ತಗದು ನೋಡ್ರಿ."

ಅದು ನನಗೆ ಬಾಯಿಪಾಠವಿದೆ, ನೋಡುವ ಅಗತ್ಯವಿಲ್ಲ ಎಂದೆ. ಮತಗಳು ಸಮವಾದಾಗ ಅಧ್ಯಕ್ಷನಾದವನು ಇದ್ದದ್ದು ಇದ್ದಂತೆಯೇ ಉಳಿಯಲೆಂದು ಮತ ಹಾಕಬೇಕು. ಇದು ಸಭಾ ಸಂಪ್ರದಾಯ. ಅದರಂತೆ ಮಗಳ ಠರಾವನ್ನು ಬೀಳಿಸಿದೆ. ನನ್ನ ನಿಷ್ಪಕ್ಷಪಾತವನ್ನು ನೀವು ಹೊಗಳಿದಿರಿ. ಆ ಸಂಜೆ ಹೆಂಡತಿ ತುಳಸಾಬಾಯಿ ಬಡಿಸಿದ ಊಟವನ್ನು ತೃಪ್ತಿಯಿಂದ ಉಂಡೆ.

ಜುಲೈ ಹದಿನೈದರ ಸಭೆಗೆ ಅದೇ ಠರಾವನ್ನು ಮತ್ತೆ ತರಲು ಅವಳು ಹರಗೋಲು ಹತ್ತಿದಳು. ಹರಗೋಲು ಹಾಕುವ ಉಸ್ಮಾನಸಾಬರು ಹೊಳೆ ತುಂಬಿದೆ, ಬೇಡವೆಂದರಂತೆ; ಅಧ್ಯಕ್ಷರು ಹೊತ್ತು ಮೀರಿದರೆ ಕಾಯುವವರಲ್ಲ ಎಂದಳಂತೆ. ಅವಳು ಹೇಳಿದ್ದು ನಿಜ. ನಾನು ಕಾದದ್ದು ಹತ್ತು ನಿಮಿಷ. ಆಮೇಲೆ ಹಾಜರಿ ಪುಸ್ತಕದಲ್ಲಿ ಅವಳ ಹೆಸರಿನ ಮುಂದೆ ನನ್ನ ಕೈಯಿಂದಲೇ 'ಗೈರುಹಾಜರು' ಎಂದು ಬರೆದೆ. ಅಷ್ಟರಲ್ಲಿ ಹರಗೋಲು ಮಗುಚಿತ್ತು. ಉಸ್ಮಾನಸಾಬರು ಮೈಲು ಕೆಳಗೆ ದಂಡೆ ಸೇರಿದರು. ಅವಳು ಮೂರನೆಯ ದಿನ ಸಿಕ್ಕಳು.

ಇಷ್ಟು ನಿಮಗೆ ಗೊತ್ತಿದೆ. ಗೊತ್ತಿಲ್ಲದ್ದನ್ನು ಈಗ ಹೇಳುತ್ತೇನೆ.

೧೯೭೪ರ ಆ ಸಭೆ ಗಡ್ಡಿಯವರಿಗೆ ಕೊಟ್ಟದ್ದು ಮತವನ್ನೇ. ಗುಮಾಸ್ತ ಲಕ್ಷ್ಮಪ್ಪನವರು 'ಪ್ರತಿನಿಧಿಗೆ ಸಭೆಯಲ್ಲಿ ಮತ ಇರತಕ್ಕದ್ದು' ಎಂದು ಸರಿಯಾಗಿಯೇ ಬರೆದಿದ್ದರು. ಮರುದಿನ ಸಹಿ ಮಾಡಲು ಕುಳಿತಾಗ, ಷೇರಿಲ್ಲದವರಿಗೆ ಮತವೆಂದರೆ ಸಂಘದ ಶಿಸ್ತು ಏನಾದೀತು ಎಂದು ನನಗನಿಸಿತು. 'ಮತ'ಕ್ಕೆ ಒಂದು ದೀರ್ಘ ಎಳೆದೆ, ಒಂದು ಕೊಂಬು ಹಚ್ಚಿದೆ. ಅದು 'ಮಾತು' ಆಯಿತು. ಲಕ್ಷ್ಮಪ್ಪನವರ ಕೈತಪ್ಪನ್ನು ತಿದ್ದಿದೆನೆಂದು ನನ್ನೊಡನೆ ನಾನೇ ವಾದಿಸಿ ಗೆದ್ದೆ, ಎದುರಾಳಿಯಿಲ್ಲದ ವಾದ. ಮುಂದಿನ ಸಭೆಯಲ್ಲಿ 'ಮಾತು' ಎಂದೇ ಗಟ್ಟಿಯಾಗಿ ಓದಿದೆ. ಲಕ್ಷ್ಮಪ್ಪನವರು ಒಮ್ಮೆ ತಲೆ ಎತ್ತಿ, ಮತ್ತೆ ತಗ್ಗಿಸಿದರು. ನಿಮ್ಮಲ್ಲಿ ಯಾರೂ ತಡೆಯಲಿಲ್ಲ. ಅದಕ್ಕಾಗಿ ನಿಮ್ಮನ್ನು ದೂರುವ ಯೋಗ್ಯತೆ ನನಗಿಲ್ಲ.

ಆ ಎರಡು ಗೆರೆ ಇಲ್ಲದಿದ್ದರೆ ಮಾರ್ಚ್‌ನಲ್ಲಿ ಆರಕ್ಕೆ ಐದರಿಂದ ಠರಾವು ಪಾಸಾಗುತ್ತಿತ್ತು. ಮಳೆಗೆ ಮುಂಚೆ ದೋಣಿ ಬರುತ್ತಿತ್ತು.

ಮೊನ್ನೆ ಚೌಡವ್ವ ಮನೆಗೆ ಬಂದಿದ್ದಳು. ಹತ್ತೊಂಬತ್ತರ ಭಾನುವಾರದ ಚುನಾವಣೆಯಲ್ಲಿ ಮಗಳ ಜಾಗಕ್ಕೆ ನನ್ನನ್ನೇ ಅವಿರೋಧವಾಗಿ ಆರಿಸಲು ಗಡ್ಡಿಯವರು ನಿಶ್ಚಯಿಸಿದ್ದಾರೆಂದಳು. "ನಮಗ ಬಾಯಿ ಇದ್ದ ಮನಿಷಾ ಬೇಕ್ರಿ ಧಣೇರ. ಆಕಿ ಬಾಯಿ ನಿಮ್ಮದ ಅಲ್ಲೇನ್ರಿ?" ಎಂದು ಕೇಳಿದಳು. ಅದಕ್ಕೆ ನನ್ನ ಉತ್ತರ ಇದು: ತಾಯೀ, ನಿಮ್ಮ ಕೈಯನ್ನು ಕಡಿದವನನ್ನು ನಿಮ್ಮ ಬಾಯಿ ಮಾಡಿಕೊಳ್ಳಬೇಡಿರಿ.

ದೋಣಿ ತರಿಸಿ ಅದಕ್ಕೆ ಗೋಪಿಕಾಳ ಹೆಸರಿಡುವ ಠರಾವನ್ನೂ ನೀವು ತರುವಿರೆಂದು ಕೇಳಿದ್ದೇನೆ. ಹೆಸರು ಬೇಡ. ದೋಣಿ ಬೇಗ ಬರಲಿ.

ಹೆಂಡತಿಯನ್ನು ಕೇಳಿಲ್ಲ, ವಕೀಲರನ್ನೂ ಕೇಳಿಲ್ಲ. ಈ ನಿರ್ಧಾರ ನನ್ನೊಬ್ಬನದು. ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದೇನೆ. ನಿಯಮವನ್ನು ತಿದ್ದಿದವನು ನಾನೆಂದು ಸಹಿ ಮಾಡಿದ ಹೇಳಿಕೆಯನ್ನು ಧಾರವಾಡದ ಸಹಕಾರ ಅಧಿಕಾರಿಗಳಿಗೆ ಈ ಬೆಳಿಗ್ಗೆ ರಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದೇನೆ. ಕಾನೂನು ಏನು ಮಾಡುವುದೋ ಮಾಡಲಿ. ನನ್ನ ಪರವಾಗಿ ನಾನು ವಾದಿಸುವುದಿಲ್ಲ. ಹತ್ತೊಂಬತ್ತರ ಭಾನುವಾರ ಗಡ್ಡಿಯವರು ಯಾರನ್ನು ಆರಿಸಿದರೂ, ಅವರು ಕೈ ಎತ್ತಿದಾಗ ಎಣಿಸಿರಿ.

ಇಂತು,
ಪ್ರಹ್ಲಾದ ನರಸಿಂಹ ಹುಲಗೂರ

ತಾ.ಕ. — ಇದನ್ನೂ ಸಭೆಗೆ ಓದಬೇಕು. ಅಂಚೆ ಕಚೇರಿಯಿಂದ ಮರಳಿದಾಗ, ಚೌಡವ್ವ ಕೊಟ್ಟುಕಳಿಸಿದ ಗೋಪಿಕಾಳ ಟ್ರಂಕು ಮನೆಯ ಪಡಸಾಲೆಯಲ್ಲಿತ್ತು. ಅದರಲ್ಲಿದ್ದ ಅವಳ ನೋಟುಬುಕ್ಕಿನಲ್ಲಿ ಮಾರ್ಚ್ ಮೂರನೆಯ ತಾರೀಖಿನ ಕೆಳಗೆ ಆ ನಿಯಮದ ಸಾಲನ್ನು ಸಂಘದ ಪುಸ್ತಕದಿಂದ ನಕಲು ಮಾಡಿದ್ದಾಳೆ. 'ಮತ' ಎಂಬುದನ್ನು ಶಾಯಿಯಲ್ಲಿ ಬರೆದು, ದೀರ್ಘವನ್ನೂ ಕೊಂಬನ್ನೂ ಪೆನ್ಸಿಲಿನಲ್ಲಿ ಹಚ್ಚಿದ್ದಾಳೆ. ಪಕ್ಕದಲ್ಲಿ ಸಣ್ಣದೊಂದು ಟಗರಿನ ಚಿತ್ರವಿದೆ. ಮಾರ್ಚ್ ಹದಿನೆಂಟರಂದು ಪುಸ್ತಕ ತೆಗೆದು ನೋಡಿರೆಂದು ಅವಳು ಸಭೆಗಲ್ಲ, ನನ್ನೊಬ್ಬನಿಗೇ ಹೇಳಿದ್ದಳು.