ಉದುರಿದ ಸೀಬೆ

ಆಗಸ್ಟ್ ೧೪, ಗುರುವಾರ.

ನಮ್ಮವರು ತೀರಿಕೊಂಡ ಮೇಲೆ ಮೊದಲ ಸಲ ಪಕ್ಕದ ತೋಟದ ಅಣ್ಣ ಬೇಲಿ ದಾಟಿ ಬಂದರು. ಕೈಯಲ್ಲಿ ಹುಳ ಬಿದ್ದ ಸೀಬೆಹಣ್ಣು.

"ನೋಡಮ್ಮ, ನಿನ್ನ ಮರದಡಿ ಕೊಳೀತಿರೋ ಹಣ್ಣಲ್ಲೇ ನೊಣ ಹುಟ್ಟಿ ನಮ್ಮ ತೋಟಕ್ಕೆ ನುಗ್ತಿದೆ. ಅರ್ಧ ಬೆಳೆ ಹೋಯ್ತು."

ನಾಚಿಕೆಯಾಯಿತು. ನಮ್ಮವರೇ ನೆಟ್ಟ ಮರಗಳು. ಹಣ್ಣು ಉದುರಿದರೂ ಆ ಕಡೆ ಹೋಗಲು ಮನಸ್ಸಾಗುತ್ತಿರಲಿಲ್ಲ. ಒಂಟಿಯಾಗಿದ್ದೇನೆ ಎಂದುಕೊಂಡು ಊರಿಗಾಗುವಷ್ಟು ನೊಣ ಸಾಕಿದ್ದೆ!

ಸಂಜೆಯವರೆಗೂ ಇಬ್ಬರೂ ಹಣ್ಣು ಹೆಕ್ಕಿ, ಆಳದ ಗುಂಡಿ ತೋಡಿ ಹೂತೆವು. ಕೊಂಬೆಗೆ ನೊಣ ಹಿಡಿಯುವ ಡಬ್ಬಿಯನ್ನೂ ಅವರೇ ಕಟ್ಟಿದರು.

"ವಾರಕ್ಕೊಂದ್ಸಲ ಬಂದು ನೋಡ್ತೀನಿ" ಎಂದು, ಚಹಾ ಕುಡಿದು ಹೋದರು.

ಬಂದದ್ದು ದೂರು ಹೇಳಲು, ನನಗೆ ಗೊತ್ತು. ಆದರೂ ಸಿಂಕಿನಲ್ಲಿ ಎರಡು ಲೋಟ ನೋಡಿ ಎಷ್ಟು ದಿನವಾಗಿತ್ತು. ತೊಳೆಯದೆ ಹಾಗೇ ಬಿಟ್ಟಿದ್ದೇನೆ. ನಾಳೆ ಬೆಳಗ್ಗೆ ತೊಳೆದರಾಯಿತು.