ಸೋಮವಾರಕ್ಕೆ ಮೊದಲು ಬಾ

ನನ್ನ ಬಾಲಂಗೋಚಿಗೆ,

ಬೈಯುವುದಕ್ಕೇ ಕೂತಿದ್ದೇನೆ, ಮೊದಲೇ ಹೇಳಿಬಿಡುತ್ತೇನೆ. ಅರ್ಧ ಓದಿ ಹರಿದು ಬಿಸಾಡಬೇಡ. ನೀನಿರುವ ಜಾಗವನ್ನು ನಿನ್ನ ಗೆಳೆಯ ದರ್ಜಿ ಹೇಳಿದ. ಅವನ ಮೇಲೆ ಹಾರಾಡಬೇಡ. ತುಟಿ ಹೊಲಿದುಕೊಂಡೇ ಕೂತಿದ್ದ ಪಾಪ, ನಾನು ಅವನ ಅಂಗಡಿಯ ಬಾಗಿಲಲ್ಲಿ ಕೂತು ಅತ್ತ ಮೇಲೆ ಬಾಯಿಬಿಟ್ಟ.

ಆ ಬೆಳಿಗ್ಗೆ ನೀನು ನಮ್ಮ ಲಾಂಡ್ರಿಯ ವ್ಯಾನನ್ನು ತಂದು ನಿಲ್ಲಿಸಿ, ಅಂಗಿ ಬಿಚ್ಚಿ ನನ್ನ ಕೈಗೆ ತುರುಕಿದೆ. ಏನು ಕಲೆಯೋ ಎಂದು ನಾನು ಕೇಳಿದೆ. ಗಿರಾಕಿಗಳನ್ನೂ ಹಾಗೇ ಕೇಳುತ್ತೇನಲ್ಲ, ನಿಜ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ. "ತುಕ್ಕು ಕಣಕ್ಕ, ವ್ಯಾನಿನ ಬಾಗಿಲು ಉಜ್ಜಿಬಿಡ್ತು" ಅಂದೆ ನೀನು. ನಾನು ನಂಬಿದೆ. ತುಕ್ಕಿನ ಔಷಧಿ ಹಚ್ಚಿ ಬಿಸಿನೀರಿಗೆ ಹಾಕಿದೆ. ತುಕ್ಕಾಗಿದ್ದರೆ ತಿಳಿಯಾಗಬೇಕಿತ್ತು. ಅದು ಕಂದುಬಣ್ಣಕ್ಕೆ ತಿರುಗಿ ಬಟ್ಟೆಗೆ ಕಚ್ಚಿಕೊಂಡಿತು. ಬಿಸಿನೀರಿಗೆ ಹಾಗೆ ಕಚ್ಚಿಕೊಳ್ಳುವುದು ರಕ್ತ. ಒದ್ದೆ ಅಂಗಿ ಹಿಡಿದು ಓಡಿ ಬಂದು ನೋಡಿದರೆ ನಿನ್ನ ಚೀಲವೂ ಇಲ್ಲ, ನೀನೂ ಇಲ್ಲ.

ಸಂಜೆಗೆ ಬೀದಿಯೆಲ್ಲ ಅದೇ ಮಾತು. ದೊಡ್ಡ ರಸ್ತೆಯ ತಿರುವಿನಲ್ಲಿ ಕಸ ಗುಡಿಸುತ್ತಿದ್ದ ಹೆಂಗಸಿಗೆ ಯಾವುದೋ ಗಾಡಿ ಗುದ್ದಿ ಹೋಗಿದೆ, ಆಸ್ಪತ್ರೆ ಮುಟ್ಟುವ ಮೊದಲೇ ಪ್ರಾಣ ಹೋಗಿದೆ ಎಂದು. ಈಗ ಪೊಲೀಸರು ತರಕಾರಿ ಲಾರಿಯ ಡ್ರೈವರನನ್ನು ಹಿಡಿದು ಒಳಗೆ ಹಾಕಿದ್ದಾರೆ. ಮಾಡಿದವನು ಒಬ್ಬ, ಅನುಭವಿಸುವವನು ಇನ್ನೊಬ್ಬ. ಅವನ ಹೆಂಡತಿ ಕೈಗೂಸನ್ನು ಎತ್ತಿಕೊಂಡು ಠಾಣೆಯ ಮೆಟ್ಟಿಲ ಮೇಲೆ ಕೂತಿರುತ್ತಾಳೆ. ಅವಳ ಮುಖ ನೋಡಲಾರದೆ ನಾನು ಹಿಂದಿನ ಬೀದಿಯಿಂದ ಸುತ್ತಿ ಬರುತ್ತೇನೆ.

ನಿನ್ನೆ ತೀರಿಕೊಂಡವಳ ಮಗಳು ನಮ್ಮ ಅಂಗಡಿಗೇ ಬಂದಳು ಕಣೋ. ಆಸ್ಪತ್ರೆಯವರು ಕೊಟ್ಟ ಅಮ್ಮನ ಕೆಲಸದ ಕೋಟನ್ನು ಮೇಜಿನ ಮೇಲಿಟ್ಟು, ನಾನು ಕೇಳುವ ಮೊದಲೇ "ಇದು ರಕ್ತ. ಹೋಗುತ್ತಾ?" ಅಂದಳು. ಯಂತ್ರಕ್ಕೆ ಹಾಕಲು ಮನಸ್ಸು ಬರಲಿಲ್ಲ. ತಣ್ಣೀರಿನಲ್ಲಿ ನೆನೆಸಿ ಕೈಯಲ್ಲೇ ಒಗೆದೆ. ಹೋಯಿತು. ಒಣಗಿಸಿ ಕೊಟ್ಟಾಗ ಅವಳು ಅದರಲ್ಲಿ ಮುಖ ಹುದುಗಿಸಿ, "ಅಮ್ಮನ ವಾಸನೇನೂ ಹೋಗಿಬಿಡ್ತಲ್ಲಾ" ಎಂದು ಅತ್ತಳು. ಆಮೇಲೆ ಯಾರನ್ನೂ ಕೇಳದ ಹಾಗೆ ಕೇಳಿದಳು, "ಅಷ್ಟು ಹೊತ್ತೂ ಅಮ್ಮ ರಸ್ತೇಲಿ ಒಬ್ಬಳೇ ಬಿದ್ದಿದ್ದಳಾ?" 

ಅಪ್ಪ ಊಟಕ್ಕೆ ಮೊದಲು ಬೈಬಲಿನಿಂದ ಓದುತ್ತಿದ್ದ ಆ ಇಬ್ರಿಯ ಪ್ರವಾದಿಗಳ ನೆನಪಿದೆಯಾ? ಬಡವರನ್ನು ತುಳಿದಿರಿ, ತಕ್ಕಡಿಯಲ್ಲಿ ಮೋಸ ಮಾಡಿದಿರಿ, ನಿಮ್ಮ ಪ್ರಾರ್ಥನೆ ಯಾರಿಗೆ ಬೇಕು, ಮೊದಲು ನ್ಯಾಯ ಮಾಡಿ ಎಂದು ಜನರ ಮೇಲೆ ಕೆಂಡ ಕಾರುತ್ತಿದ್ದರು. ಬೈದು ಬೈದು ಕೊನೆಗೆ ದೇವರ ಗಂಟಲೇ ಕಟ್ಟಿಬಿಡುತ್ತಿತ್ತು. ಕೈಹಿಡಿದು ನಡೆಯಲು ಕಲಿಸಿದ ಮಗನನ್ನು ಹೇಗಪ್ಪಾ ಬಿಡಲಿ, ತಿರುಗಿ ಬಾರೋ ಎಂದು ಗೋಗರೆಯುತ್ತಿದ್ದ. ನೀನು ಕಿಸಕ್ಕನೆ ನಕ್ಕು, "ಈ ದೇವ್ರು ಥೇಟ್ ನಮ್ಮಕ್ಕನ ಹಾಗೇ. ಮನೆಯಿಂದ ಆಚೆ ಹೋಗು ಅಂತಾನೆ, ಹಿಂದೇನೇ ಬಂದು ಊಟ ಆಯ್ತಾ ಅಂತಾನೆ" ಅಂದಿದ್ದೆ. ಅಪ್ಪ ಪುಸ್ತಕದ ಮರೆಯಲ್ಲಿ ನಕ್ಕಿದ್ದ. ನಾನು ನಿನ್ನ ತಲೆಗೆ ಮೊಟಕಿದ್ದೆ. ಅಮ್ಮ ಹೋದ ಮೇಲೆ ನನ್ನ ಸೊಂಟದ ಮೇಲೇ ಬೆಳೆದವನು ನೀನು. ಬೈಯುವ ಬಾಯಿಗೂ ಅಳುವ ಕಣ್ಣಿಗೂ ಒಂದೇ ಕರುಳು ಎಂದು ನನಗೆ ಈಗ ಗೊತ್ತಾಗುತ್ತಿದೆ.

ಆ ಅಂಗಿಯನ್ನು ಎಷ್ಟು ಸಲ ನೋಡಿದೆನೋ. ಕಲೆ ಎದೆಯ ಮೇಲಿದೆ, ಎಡತೋಳಿನ ಒಳಮಡಿಕೆಯಲ್ಲಿದೆ. ಗಾಡಿಯೊಳಗೇ ಕೂತವನಿಗೆ ಅಲ್ಲಿ ರಕ್ತ ಹತ್ತುವುದಿಲ್ಲ. ನೀನು ಇಳಿದಿದ್ದೀಯ. ಆ ಹೆಂಗಸನ್ನು ಎತ್ತಿ ಎದೆಗೊರಗಿಸಿಕೊಂಡಿದ್ದೀಯ. ಆಮೇಲೆ ಹೆದರಿ ಓಡಿದ್ದೀಯ, ಹಾಳಾದವನೇ. ಈ ಪತ್ರ ಓಡಿದವನಿಗಲ್ಲ, ಇಳಿದವನಿಗೆ. ಆ ಮಗಳ ಪ್ರಶ್ನೆಗೆ ಲೋಕದಲ್ಲಿ ಉತ್ತರ ಗೊತ್ತಿರುವುದು ನಿನ್ನೊಬ್ಬನಿಗೆ. ಬಂದು ಅವಳಿಗೆ ಹೇಳು. ಅವಳು ಹೊಡೆದರೆ ಹೊಡೆಸಿಕೋ, ಉಗಿದರೆ ಒರೆಸಿಕೋ. ಅವಳು ಕ್ಷಮಿಸುತ್ತಾಳೆ ಎಂದು ನಾನು ಸುಳ್ಳು ಹೇಳುವುದಿಲ್ಲ.

ಸೋಮವಾರ ಬೆಳಿಗ್ಗೆ ನಾನು ಠಾಣೆಗೆ ಹೋಗುತ್ತೇನೆ. ನೀನು ಬಂದರೆ ನೀನೇ ಬಾಯಿಬಿಟ್ಟು ಹೇಳು, ನಾನು ಪಕ್ಕದಲ್ಲಿ ನಿಂತಿರುತ್ತೇನೆ. ಬರದಿದ್ದರೆ ನಿನ್ನ ವಿಳಾಸ ನಾನೇ ಕೊಡುತ್ತೇನೆ. ಹೆದರಿಸಲು ಹೇಳುತ್ತಿಲ್ಲ ಮರಿ. ನಿನ್ನನ್ನು ಉಳಿಸಿಕೊಳ್ಳಲು ಇನ್ನೊಬ್ಬಳ ಗಂಡನನ್ನು ಕೊಳೆಯಲು ಬಿಡಲಾರೆ.

ನನ್ನನ್ನು ಶಪಿಸು, ಮಾತು ಬಿಡು. ಅಕ್ಕನೇ ಹಿಡಿದುಕೊಟ್ಟಳು ಎಂದು ಒಳಗಿರುವವರಿಗೆಲ್ಲ ಹೇಳು. ಆದರೆ ಇದೊಂದು ತಿಳಿದುಕೋ. ನಿನ್ನನ್ನು ಯಾವ ಜೈಲಿಗೆ ಹಾಕಿದರೂ, ಭೇಟಿಯ ದಿನ ಹೊರಗಿನ ಸಾಲಿನಲ್ಲಿ ನಾನಿರುತ್ತೇನೆ. ನೋಡುವುದಿಲ್ಲ ಎಂದು ನೀನು ಹೇಳಿ ಕಳಿಸಿದರೆ ವಾಪಸು ಹೋಗುತ್ತೇನೆ. ಮುಂದಿನ ಸಲ ಮತ್ತೆ ಬಂದು ನಿಲ್ಲುತ್ತೇನೆ.

ದೇವರು ನಿನ್ನ ಕಾಲಿಗೆ ಬಲ ಕೊಡಲಿ, ಮುಖವನ್ನು ಮನೆಯ ಕಡೆ ತಿರುಗಿಸಲಿ.

ಎಲ್ಲಿಗೆ ಹೋದರೂ ನಿನ್ನನ್ನು ಬಿಡದ,
ಅಕ್ಕ