ಹೊಸ ತಾರೀಕಿನ ಹಳೆಯ ನೀರು

ಫೆಬ್ರವರಿ ೩೦, ೨೧೮೭

ಹಿಂದಿನ ಕಾಲದ ಹಿರಿಯರಿಗೆ ನೀಲವ್ವನ ನಮಸ್ಕಾರ.

ನನ್ನ ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪುತ್ತದೆ. ಓದಿದ್ದು ನಾಲ್ಕನೆಯ ಇಯತ್ತೆ. ನಮ್ಮ ಫೆಬ್ರವರಿಗೆ ಮೂವತ್ತು ದಿನ. ಅದೂ, ಮುಂದೆ ಬರುವ ಕೆಲವು ಮಾತುಗಳೂ ನಿಮಗೆ ವಿಚಿತ್ರ ಅನ್ನಿಸಿದರೆ ಕ್ಷಮಿಸಿ.

ನಮ್ಮಲ್ಲಿ ನಾಲ್ಕೈದು ವರ್ಷಕ್ಕೊಮ್ಮೆ ನಲವತ್ತು ದಿನ ನಳ ಬಂದ್ ಆಗುತ್ತದೆ. ಅದಕ್ಕೆ ಮುಚ್ಚುಗಾಲ ಎನ್ನುತ್ತೇವೆ. ಯಾವಾಗ ಎಂದು ಮೊದಲೇ ಯಾರೂ ಹೇಳುವುದಿಲ್ಲ. ಹಾಗಾಗಿ ಪ್ರತಿ ಮನೆಯಲ್ಲೂ ಎಂಟು ಕ್ಯಾನು ಕುಡಿಯುವ ನೀರು ಇರಬೇಕು. ಆರು ತಿಂಗಳಿಗೊಮ್ಮೆ ಚೆಲ್ಲಿ, ಕ್ಯಾನು ತೊಳೆದು, ಹೊಸ ನೀರು ತುಂಬಿ, ಮುಚ್ಚಳಕ್ಕೆ ಮೇಣ ಹಚ್ಚಿ, ಸೀಮೆಸುಣ್ಣದಿಂದ ತಾರೀಕು ಬರೆಯಬೇಕು. ನಮ್ಮ ಮನೆಯಲ್ಲಿ ಈ ಕೆಲಸ ಚಿಗವ್ವ ದ್ಯಾಮವ್ವನದು. ಅವ್ವ ತೀರಿದ ಮೇಲೆ ಅಕ್ಕನನ್ನೂ ನನ್ನನ್ನೂ ಸಾಕಿದವಳು ಅವಳೇ.

ಆದರೂ ನನಗೆ ಅನುಮಾನ ಬಂತು. ಕ್ಯಾನಿನ ಸುತ್ತಲಿನ ಧೂಳು ಎಂದೂ ಕದಡಿದಂತೆ ಕಾಣುತ್ತಿರಲಿಲ್ಲ. ಅಕ್ಕ ರುದ್ರವ್ವನಿಗೆ ಒಂಬತ್ತು ತಿಂಗಳು ತುಂಬಿದೆ. ಮುಚ್ಚುಗಾಲದಲ್ಲಿ ಹೆತ್ತರೆ ಅವಳು ಕುಡಿಯಬೇಕಾದದ್ದು ಇದೇ ನೀರು. ನೀರು ಬದಲಿಸುವ ಹಿಂದಿನ ದಿನ, ಯಾರಿಗೂ ಹೇಳದೆ ತೆರೆದರೆ ಹರಿಯುವಂತೆ ಒಂದೊಂದು ಮುಚ್ಚಳಕ್ಕೂ ಕ್ಯಾನಿಗೂ ಸೇರಿಸಿ ನನ್ನ ಒಂದೊಂದು ಕೂದಲು ಅಂಟಿಸಿದೆ. ಮರುದಿನ ಸಂಜೆ ನೋಡಿದರೆ ಎಂಟೂ ಕೂದಲು ಹಾಗೇ ಇದ್ದವು.

"ಚಿಗವ್ವಾ, ನೀರು ಬದಲ್ಸಿದೇನು?" ಎಂದೆ.

"ಕಣ್ಣು ಕಾಣಂಗಿಲ್ಲೇನು? ತಾರೀಕು ಓದು. ಸಾಲಿ ಕಲ್ತಾಕಿ ಅಲ್ಲ ನೀನು!"

"ತಾರೀಕು ಹೊಸಾದು. ಕೂದಲು ನಾ ನಿನ್ನೆ ಅಂಟ್ಸಿದ್ದು."

ಕೂದಲು ನೋಡಿ ಚಿಗವ್ವ ನಕ್ಕುಬಿಟ್ಟಳು. "ಅಯ್ಯ ನನ್ನವ್ವ, ಪೊಲೀಸ್ ಆಗಬೇಕಾಗಿತ್ತು ನೀ!" ಆಮೇಲೆ ದನಿ ಇಳಿಸಿದಳು. "ಮೇಣ ಒಡದ್ರ ಮುಚ್ಚುಗಾಲ ಬ್ಯಾಗ ಬರ್ತದ. ನಿಮ್ಮಕ್ಕ ಹಡಿಯೂತನಕಾ ನಳ ಬಂದ್ ಆಗಬಾರ್ದಂತ ಮುಟ್ಟಲಿಲ್ಲ."

ಇದೇ ಹೆದರಿಕೆಗೆ ಮೂರು ವರ್ಷದಿಂದ ಅವಳು ತಾರೀಕನ್ನಷ್ಟೇ ಒರೆಸಿ ಬರೆಯುತ್ತಿದ್ದಳು. ನಾನು ಒಂದು ಕ್ಯಾನಿನ ಮೇಣ ಒಡೆದೆ. ಒಳಗೋಡೆಗೆ ಹಸಿರು ಲೋಳೆ ಹತ್ತಿತ್ತು. ಪಕ್ಕದಲ್ಲೇ ಚಿಮಣಿ ಎಣ್ಣೆ ಇಟ್ಟಿದ್ದರಿಂದ ನೀರಿಗೂ ಅದರ ವಾಸನೆ ಹಿಡಿದಿತ್ತು. ಎಂಟನ್ನೂ ಚೆಲ್ಲಿದೆವು. ಚಿಗವ್ವ ಅಳುತ್ತಲೇ ಕ್ಯಾನು ಎತ್ತಿ ಕೊಟ್ಟಳು; ನಾನು ತಿಕ್ಕಿ ತೊಳೆದು ಹೊಸ ನೀರು ತುಂಬಿದೆ.

ಈಗ ಓಣಿಯ ಯಾರ ಮನೆಯ ತಾರೀಕನ್ನೂ ನಾನು ನಂಬುವುದಿಲ್ಲ. ನಿಮ್ಮದನ್ನೂ ನಂಬುವುದಿಲ್ಲ, ಸಿಟ್ಟಾಗಬೇಡಿ. ಮೇಣ ಹಚ್ಚುವ ರೂಢಿ ನಿಮ್ಮ ಕಾಲದ್ದು ಎನ್ನುತ್ತಾರೆ; ಅದರ ಜೊತೆಗೆ ಈ ಹೆದರಿಕೆಯನ್ನೂ ನೀವೇ ಕೊಟ್ಟಿರಬಹುದೇ? ಇಷ್ಟು ಮಾತ್ರ ಕೇಳಿಕೊಳ್ಳುತ್ತೇನೆ: ಎಣ್ಣೆ, ಔಷಧಿ ತುಂಬಿದ್ದ ಡಬ್ಬಿಯಲ್ಲಿ ನೀರು ಇಡಬೇಡಿ. ಬಿಸಿಲು ತಾಗದ ಕಡೆ ಇಡಿ. ಕಾಲಕಾಲಕ್ಕೆ ಮುಚ್ಚಳ ತೆರೆದು ನೀವೇ ನೋಡಿ, ನೀವೇ ಬದಲಿಸಿ.

ಇಂದು ಮುಂಜಾನೆ ಅಕ್ಕ ನೀರು ಕೇಳಿದಳು. ಹೊಸದಾಗಿ ತುಂಬಿದ ಕ್ಯಾನಿನಿಂದ ಒಂದು ಲೋಟ ಬಗ್ಗಿಸಿ, ಮೊದಲು ಅರ್ಧ ನಾನು ಕುಡಿದೆ. ನನಗೇನೂ ಆಗಲಿಲ್ಲ ಎಂದು ಖಾತ್ರಿಯಾದ ಮೇಲೆ ಉಳಿದದ್ದನ್ನು ಅವಳಿಗೆ ಕೊಟ್ಟೆ.